ಬಲಿಪೀಠದಿಂದ ಅಡಿಗೆಮನೆಗೆ: ಕ್ರೈಸ್ತರ ನಿತ್ಯಜೀವನದಲ್ಲಿ ತ್ಯಾಗ

ರೋಮನರ ಚಕ್ರಾಧಿಪತ್ಯದಲ್ಲಿ ಕ್ರೈಸ್ತಮತವು ಮೊದಮೊದಲು ಹರಡತೊಡಗಿದಾಗ ಅದರ ಮೇಲೆ ಬಂದ ಅಪವಾದಗಳಲ್ಲಿ ನಾಸ್ತಿಕ್ಯವೂ ಒಂದು. ಈಗ ಕೇಳುವವರಿಗೆ ಈ ಮಾತು ವಿಚಿತ್ರವಾಗಿ ತೋರಬಹುದು. ಆದರೆ ಆ ಕಾಲದ ರೋಮನ್ ಗೃಹಸ್ಥನ ದೃಷ್ಟಿಯಲ್ಲಿ ದೇವರನ್ನು ನಂಬಿದವನಿಗೆ ಒಂದು ದೇವಾಲಯವಿರಬೇಕು, ಅಲ್ಲಿ ಒಂದು ವೇದಿಯಿರಬೇಕು, ಆ ವೇದಿಯ ಮೇಲೆ ಅವನು ಪಶುವನ್ನೋ ಧೂಪವನ್ನೋ ದ್ರಾಕ್ಷಾರಸವನ್ನೋ ಅರ್ಪಿಸಬೇಕು. ಈ ಹೊಸಬರಲ್ಲಿ ಇವೊಂದೂ ಕಾಣಬರಲಿಲ್ಲ. ಕ್ರಿ. ಶ. ೨೦೦ರ ಆಸುಪಾಸಿನಲ್ಲಿದ್ದ ಮಿನುಕಿಯುಸ್ ಫೆಲಿಕ್ಸನೆಂಬ ಲ್ಯಾಟಿನ್ ಗ್ರಂಥಕಾರನು 'ಒಕ್ತಾವಿಯುಸ್' ಎಂಬ ತನ್ನ ಸಂವಾದಗ್ರಂಥದಲ್ಲಿ ಪೂರ್ವಪಕ್ಷಿಯ ಬಾಯಿಂದ ಈ ಆಕ್ಷೇಪವನ್ನೇ ಆಡಿಸಿದ್ದಾನೆ. ಗುಡಿಯಿಲ್ಲದೆ, ವೇದಿಯಿಲ್ಲದೆ, ವಿಗ್ರಹವಿಲ್ಲದೆ ಇವರು ಮಾಡುವ ಆರಾಧನೆ ಎಂತಹುದೆಂಬುದು ಅವನ ಪ್ರಶ್ನೆ.

ಪಾಠಶಾಲೆಯಲ್ಲಿ ಮೀಮಾಂಸೆಯನ್ನು ಸ್ವಲ್ಪಮಟ್ಟಿಗೆ ಓದಿದ ನಮ್ಮಂಥವರಿಗೆ ಈ ಪ್ರಶ್ನೆಯಲ್ಲಿ ವಿಶೇಷವಾದ ಸ್ವಾರಸ್ಯವುಂಟು. ಯಾಗದ ಸ್ವರೂಪವನ್ನು ನಿರ್ಣಯಿಸುವಾಗ ಮೀಮಾಂಸಕರು ಅಗ್ನಿಯನ್ನಾಗಲಿ ಸ್ರುಕ್ಕನ್ನಾಗಲಿ ಮುಖ್ಯವೆಂದು ಎಣಿಸಲಿಲ್ಲ. ಯಾವುದೋ ಒಂದು ದ್ರವ್ಯ, ಅದನ್ನು ಪಡೆಯತಕ್ಕ ದೇವತೆ, ಆ ದೇವತೆಯನ್ನು ಉದ್ದೇಶಿಸಿ ಯಜಮಾನನು ತನ್ನ ಸ್ವತ್ವವನ್ನು ಬಿಡುವ ತ್ಯಾಗ, ಇಷ್ಟೇ ಯಾಗದ ಶರೀರ. ಉಳಿದುವೆಲ್ಲ ಅಂಗಗಳು. ಹಾಗಾದರೆ, ವೇದಿಯೂ ಪಶುವೂ ಇಲ್ಲವಾದ ಒಂದು ಮತದಲ್ಲಿ ಈ ತ್ಯಾಗವು ಎಲ್ಲಿಗೆ ಹೋಯಿತು? ನಶಿಸಿತೇ, ಅಥವಾ ಬೇರೆ ಸ್ಥಳವನ್ನು ಹುಡುಕಿಕೊಂಡಿತೇ? ಈ ವಿಚಾರವನ್ನು ಇತಿಹಾಸದ ಮಾರ್ಗದಲ್ಲಿ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕ್ರೈಸ್ತಮತವು ಹುಟ್ಟಿದುದು ಯೆಹೂದ್ಯರ ನಡುವೆ. ಅವರಿಗೆ ಯೆರೂಸಲೇಮಿನಲ್ಲಿ ಒಂದು ದೇವಾಲಯವೂ ಅದರಲ್ಲಿ ಒಂದು ಮಹಾವೇದಿಯೂ ಇದ್ದುವು. ಪ್ರತಿದಿನವೂ ಪ್ರಾತಃಕಾಲದಲ್ಲಿ ಒಂದು, ಸಾಯಂಕಾಲದಲ್ಲಿ ಒಂದು, ಹೀಗೆ ಎರಡು ಕುರಿಮರಿಗಳನ್ನು ಹಿಟ್ಟು ಎಣ್ಣೆ ದ್ರಾಕ್ಷಾರಸಗಳೊಡನೆ ಅಲ್ಲಿ ಹೋಮಮಾಡುತ್ತಿದ್ದರು. ಉಭಯಕಾಲದ ಅಗ್ನಿಹೋತ್ರವನ್ನು ಬಲ್ಲ ನಮಗೆ ಇದು ತೀರ ಅಪರಿಚಿತವಾದುದಲ್ಲ. ಕ್ರಿ. ಶ. ೭೦ರಲ್ಲಿ ರೋಮನ್ ಸೇನಾಪತಿ ತೀತುಸನು ಆ ಪಟ್ಟಣವನ್ನು ಹಿಡಿದು ದೇವಾಲಯವನ್ನು ಸುಟ್ಟನು. ಅಂದಿಗೆ ನಿಂತ ನಿತ್ಯಹೋಮವು ಮತ್ತೆ ನಡೆಯಲಿಲ್ಲ. ಯೆಹೂದ್ಯರಿಗೆ ಇದೊಂದು ಮಹಾ ವಿಪತ್ತು. ಕ್ರೈಸ್ತರಾದರೋ ಅಷ್ಟರಲ್ಲಿಯೇ ಬೇರೊಂದು ಸಿದ್ಧಾಂತವನ್ನು ಹಿಡಿದಿದ್ದರು. ಯೇಸುವು ಶಿಲುಬೆಯ ಮೇಲೆ ಪ್ರಾಣವನ್ನು ಕೊಟ್ಟುದೇ ಕೊನೆಯ ಬಲಿ. ಅದು ಒಂದೇ ಸಲ, ಎಲ್ಲರಿಗಾಗಿಯೂ ನಡೆದುಹೋಯಿತು. ಇನ್ನು ರಕ್ತಬಲಿಗೆ ಅವಕಾಶವಿಲ್ಲ. ಹೊಸ ಒಡಂಬಡಿಕೆಯಲ್ಲಿ ಸೇರಿರುವ ಇಬ್ರಿಯರಿಗೆ ಬರೆದ ಪತ್ರಿಕೆಯು ಇದನ್ನು ವಿಸ್ತಾರವಾಗಿ ಪ್ರತಿಪಾದಿಸಿ, ಕೊನೆಯ ಅಧ್ಯಾಯದಲ್ಲಿ ಬೇರೊಂದು ಮಾತನ್ನೂ ಸೇರಿಸುತ್ತದೆ. ಪರೋಪಕಾರವನ್ನೂ ಇದ್ದುದನ್ನು ಹಂಚಿಕೊಳ್ಳುವುದನ್ನೂ ಮರೆಯಬಾರದೆಂದೂ ಇವೇ ದೇವರಿಗೆ ಮೆಚ್ಚಿಕೆಯಾದ ಯಜ್ಞಗಳೆಂದೂ ಅದರ ತಾತ್ಪರ್ಯ. ಮುಂದಿನ ಇತಿಹಾಸವೆಲ್ಲ ಈ ಒಂದು ವಾಕ್ಯದಿಂದ ಹೊರಟುದೆಂದು ನನ್ನ ಅಭಿಪ್ರಾಯ.

ಬಲಿಯನ್ನು ಕೊಡಲೊಲ್ಲೆವೆಂಬ ಹಟಕ್ಕೆ ಕ್ರೈಸ್ತರು ತೆತ್ತ ಬೆಲೆಯೂ ಅಲ್ಪವಲ್ಲ. ಕ್ರಿ. ಶ. ೨೫೦ರಲ್ಲಿ ದೇಕಿಯುಸ್ ಚಕ್ರವರ್ತಿಯ ಆಜ್ಞೆಯಂತೆ ರಾಜ್ಯದ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿಯನ್ನರ್ಪಿಸಿ, ಪ್ರಸಾದವನ್ನು ತಿಂದು, ಅಧಿಕಾರಿಗಳಿಂದ ಪ್ರಮಾಣಪತ್ರವನ್ನು ಪಡೆಯಬೇಕಾಯಿತು. ಅಂತಹ ಪತ್ರಗಳು ನಲವತ್ತಕ್ಕೂ ಹೆಚ್ಚಾಗಿ ಐಗುಪ್ತದೇಶದ ಮರಳಿನಲ್ಲಿ ದೊರೆತಿವೆ. ಒಪ್ಪದವರಲ್ಲಿ ಕೆಲವರು ಸೆರೆಮನೆಯಲ್ಲಿ ಸತ್ತರು. ಅನೇಕರು ಹೆದರಿ ಅರ್ಪಿಸಿದರು. ಇನ್ನು ಕೆಲವರು ಅರ್ಪಿಸದೆಯೇ ಲಂಚಕೊಟ್ಟು ಪತ್ರವನ್ನು ಮಾತ್ರ ಕೊಂಡುಕೊಂಡರು. ಮನುಷ್ಯಸ್ವಭಾವವು ಎಲ್ಲ ಕಾಲದಲ್ಲಿಯೂ ಒಂದೇ.

ಆದರೆ ಮತವೊಂದರ ತ್ಯಾಗಬುದ್ಧಿಯನ್ನು ಹುತಾತ್ಮರಿಂದಷ್ಟೇ ಅಳೆಯುವುದು ಸರಿಯಲ್ಲ. ಹುತಾತ್ಮರು ವಿರಳರು, ಅವರ ತ್ಯಾಗವು ಒಂದು ದಿನದ್ದು. ಪ್ರತಿದಿನವೂ ಒಲೆ ಹೊತ್ತಿಸುವ ಸಾಮಾನ್ಯ ಸಂಸಾರಿಯು ಏನನ್ನು ಬಿಟ್ಟುಕೊಟ್ಟನೆಂಬುದೇ ಹೆಚ್ಚು ಉಪಯುಕ್ತವಾದ ಪ್ರಶ್ನೆ. ಇದಕ್ಕೆ ಎರಡನೆಯ ಶತಮಾನದ ಗ್ರಂಥಗಳಲ್ಲಿ ಒಳ್ಳೆಯ ಉತ್ತರಗಳು ದೊರೆಯುತ್ತವೆ. ಸುಮಾರು ೧೫೫ರಲ್ಲಿ ಜಸ್ಟಿನ್ ಎಂಬ ತತ್ತ್ವಜ್ಞನು ಚಕ್ರವರ್ತಿಗೆ ಬರೆದ ಬಿನ್ನಹದಲ್ಲಿ ತಮ್ಮವರ ಭಾನುವಾರದ ಕೂಟವನ್ನು ವರ್ಣಿಸಿದ್ದಾನೆ. ಇದ್ದವರು ತಮಗೆ ತೋರಿದಷ್ಟನ್ನು ಕೊಡುವರು. ಕೂಡಿದುದನ್ನು ಸಭೆಯ ಮುಖ್ಯಸ್ಥನು ಇಟ್ಟುಕೊಂಡು ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಪರಸ್ಥಳದಿಂದ ಬಂದವರು ಇವರಿಗೆ ಉಪಯೋಗಿಸುವನು. ಕಾರ್ಥೇಜಿನ ಟೆರ್ತುಲ್ಲಿಯನನು ೧೯೭ರಲ್ಲಿ ಬರೆದಂತೆ ಅಲ್ಲಿ ತಿಂಗಳಿಗೊಂದು ಸಲ ನಾಣ್ಯವನ್ನು ಹಾಕುತ್ತಿದ್ದರು. ಬಡವರ ಶವಸಂಸ್ಕಾರಕ್ಕೂ ದುಡಿಯಲಾರದ ಮುದಿ ಗುಲಾಮರ ಪೋಷಣೆಗೂ ಹಡಗೊಡೆದು ದಿಕ್ಕುಗೆಟ್ಟವರಿಗೂ ಆ ಹಣವು ಸಲ್ಲುತ್ತಿದ್ದಿತು. ೨೫೧ರಲ್ಲಿ ರೋಮಾಪುರಿಯ ಬಿಷಪ್ ಕೊರ್ನೇಲಿಯುಸನು ಬರೆದ ಪತ್ರವೊಂದರಿಂದ ಆ ಒಂದು ನಗರದ ಸಭೆಯೇ ಸಾವಿರದ ಐನೂರಕ್ಕಿಂತ ಹೆಚ್ಚು ಮಂದಿ ವಿಧವೆಯರಿಗೂ ದೀನರಿಗೂ ಅನ್ನವಿಡುತ್ತಿದ್ದಿತೆಂದು ತಿಳಿದುಬರುತ್ತದೆ.

ಈ ದ್ರವ್ಯವು ಎಲ್ಲಿಂದ ಬಂದಿತು? ಶ್ರೀಮಂತರು ಕೊಟ್ಟರೆಂದು ಸುಲಭವಾಗಿ ಹೇಳಿಬಿಡಬಹುದು. ಅಥೆನ್ಸಿನ ಅರಿಸ್ತಿದೀಸನ ಗ್ರಂಥವಾದರೋ ಬೇರೆ ಸಂಗತಿಯನ್ನು ಹೇಳುತ್ತದೆ. ತಮ್ಮಲ್ಲಿ ಯಾವನಾದರೂ ಬಡವನಿದ್ದು, ಕೊಡುವುದಕ್ಕೆ ತಮ್ಮ ಬಳಿಯಲ್ಲಿಯೂ ಹೆಚ್ಚೇನೂ ಇಲ್ಲದಿದ್ದರೆ, ಎರಡು ಮೂರು ದಿನ ತಾವು ಉಪವಾಸವಿದ್ದು ಆ ಆಹಾರವನ್ನು ಅವನಿಗೆ ಒದಗಿಸುತ್ತಿದ್ದರಂತೆ. ಇದೇ ಶತಮಾನದಲ್ಲಿ ರೋಮಿನಲ್ಲಿ ಹುಟ್ಟಿದ ಹೆರ್ಮಸನ 'ಕುರುಬ' ಎಂಬ ಗ್ರಂಥವು ಇದಕ್ಕೊಂದು ವಿಧಿಯನ್ನೇ ಏರ್ಪಡಿಸಿದೆ. ಉಪವಾಸದ ದಿನ ರೊಟ್ಟಿ ನೀರುಗಳನ್ನು ಮಾತ್ರ ತೆಗೆದುಕೊಂಡು, ಆ ದಿನ ಉಣ್ಣಬಹುದಾಗಿದ್ದ ಭೋಜನಕ್ಕೆ ಎಷ್ಟು ವೆಚ್ಚವಾಗುತ್ತಿದ್ದಿತೋ ಅದನ್ನು ಲೆಕ್ಕಹಾಕಿ, ಅಷ್ಟನ್ನು ವಿಧವೆಗೋ ಅನಾಥನಿಗೋ ದರಿದ್ರನಿಗೋ ಕೊಡಬೇಕು. ಈ ಲೆಕ್ಕಹಾಕುವ ಮಾತು ನನಗೆ ಬಹಳ ಹಿಡಿಸಿತು. ಉಪವಾಸವನ್ನು ನಾವೂ ಮಾಡುತ್ತೇವೆ. ಏಕಾದಶಿಯ ದಿನ ಉಳಿದ ಅಕ್ಕಿಯು ದ್ವಾದಶಿಯ ಪಾರಣೆಯಲ್ಲಿ ವೆಚ್ಚವಾಗುವುದೂ ಉಂಟು. ಹೆರ್ಮಸನ ವಿಧಿಯಲ್ಲಿ ಉಳಿದುದಕ್ಕೆ ಮನೆಯಲ್ಲಿ ನಿಲ್ಲುವ ಅಧಿಕಾರವೇ ಇಲ್ಲ.

ಹೀಗೆ ದ್ರವ್ಯವು ಗೊತ್ತಾಯಿತು. ಇನ್ನು ವೇದಿಯ ಮಾತು. ಸ್ಮುರ್ನ ಪಟ್ಟಣದ ಬಿಷಪ್ ಪೊಲಿಕಾರ್ಪನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ವಿಧವೆಯರನ್ನು ದೇವರ ಯಜ್ಞವೇದಿಯೆಂದು ಕರೆದನು. ಸಭೆಯವರು ಕೊಟ್ಟುದನ್ನು ಉಂಡು ಪ್ರಾರ್ಥನೆಯಲ್ಲಿ ಕಾಲಕಳೆಯುವ ಮುದುಕಿಯರೇ ವೇದಿ. ಅವರ ಮುಂದೆ ಇಟ್ಟುದೇ ಹವಿಸ್ಸು. ಸುಮಾರು ಇನ್ನೂರೈವತ್ತು ವರ್ಷಗಳ ಮೇಲೆ ಅಂತಿಯೋಕ್ಯದ ಪ್ರಸಿದ್ಧ ವಾಗ್ಮಿ ಯೋಹಾನ್ ಕ್ರಿಸೊಸ್ತೊಮನು ಈ ಭಾವವನ್ನೇ ವಿಸ್ತರಿಸಿದನು. ಗುಡಿಯೊಳಗಿನ ಕಲ್ಲಿನ ವೇದಿಗಿಂತ ಬೀದಿಯಲ್ಲಿಯೂ ಅಂಗಡಿಬೀದಿಯಲ್ಲಿಯೂ ಬಿದ್ದಿರುವ ಬಡವನೆಂಬ ವೇದಿಯು ಪೂಜ್ಯತರವಾದುದೆಂದೂ, ಅದರ ಮೇಲೆ ಯಾವ ಹೊತ್ತಿನಲ್ಲಿಯಾದರೂ ಅರ್ಪಿಸಬಹುದೆಂದೂ ಅವನು ಬೋಧಿಸಿದನು. ಬೋಧನೆಯಿಂದಷ್ಟೇ ಕೆಲಸವಾಗದೆಂಬುದನ್ನು ಬಲ್ಲವನಾದುದರಿಂದ ಒಂದು ಉಪಾಯವನ್ನೂ ಹೇಳಿಕೊಟ್ಟನು. ಪ್ರತಿಯೊಬ್ಬನೂ ಮನೆಯಲ್ಲಿ ತಾನು ಪ್ರಾರ್ಥನೆಗೆ ನಿಲ್ಲುವ ಸ್ಥಳದ ಪಕ್ಕದಲ್ಲಿ ಬಡವರಿಗಾಗಿ ಒಂದು ಪುಟ್ಟ ಪೆಟ್ಟಿಗೆಯನ್ನಿಡಬೇಕು. ಅದರಲ್ಲಿ ಏನನ್ನಾದರೂ ಹಾಕಿದ ಮೇಲೆಯೇ ಪ್ರಾರ್ಥಿಸಬೇಕು. ಈ ಪುಟ್ಟ ಪೆಟ್ಟಿಗೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಸಭೆಯೊಳಗೆ ಕೃಪಣರಿರಲಿಲ್ಲವೆಂದು ಇದರಿಂದ ಯಾರೂ ಭಾವಿಸಬಾರದು. ಬಡವರು ತಂದ ಕಾಣಿಕೆಯಲ್ಲಿ ತಾನೂ ಪಾಲುಗೊಂಡು, ತಾನು ಮಾತ್ರ ಬರಿಗೈಯಿಂದ ಬರುವ ಐಶ್ವರ್ಯವಂತೆಯನ್ನು ಕಾರ್ಥೇಜಿನ ಬಿಷಪ್ ಸಿಪ್ರಿಯನನು ಬಹು ಕಟುವಾಗಿ ಗದರಿಸಿದ್ದಾನೆ. ಆದರೂ ಹೊರಗಿನವರ ಕಣ್ಣಿಗೆ ಈ ಪದ್ಧತಿಯ ಬಲವು ಕಂಡಿತು. ಹಳೆಯ ದೇವತಾರಾಧನೆಯನ್ನು ಪುನಃ ಸ್ಥಾಪಿಸಬೇಕೆಂದು ಹೊರಟ ಜೂಲಿಯನ್ ಚಕ್ರವರ್ತಿಯು ಸುಮಾರು ೩೬೨ರಲ್ಲಿ ತನ್ನ ಅರ್ಚಕನೊಬ್ಬನಿಗೆ ಬರೆಯುತ್ತ, ಗಲಿಲಾಯದವರು ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿದ್ದಾರಲ್ಲಾ ಎಂದು ನೊಂದುಕೊಂಡಿದ್ದಾನೆ. ವೈರಿಯ ಸಾಕ್ಷ್ಯಕ್ಕಿಂತ ಹೆಚ್ಚಿನ ಸಾಕ್ಷ್ಯವು ಬೇಕಿಲ್ಲ.

ಮಧ್ಯಯುಗದ ವಿಷಯದಲ್ಲಿ ಇಲ್ಲಿ ಹೆಚ್ಚಾಗಿ ಹೇಳತಕ್ಕದ್ದಿಲ್ಲ. ಮತವು ರಾಜಮತವಾದ ಮೇಲೆ ಕಾಣಿಕೆಯು ಕಂದಾಯವಾಯಿತು. ೭೭೯ರಲ್ಲಿ ಷಾರ್ಲಮೇನ್ ದೊರೆಯು ದಶಮಾಂಶವನ್ನು ಎಲ್ಲರೂ ಕೊಟ್ಟೇ ತೀರಬೇಕೆಂದು ವಿಧಿಸಿದನು. ಬೆಳೆಯ ಹತ್ತರಲ್ಲೊಂದು ಪಾಲನ್ನು ಅಧಿಕಾರಿಯು ಅಳೆದುಕೊಂಡು ಹೋದಾಗ ರೈತನ ಕಣಜವು ಬರಿದಾಗಬಹುದು. ಆದರೆ ಅಲ್ಲಿ ತ್ಯಾಗವಿಲ್ಲ, ಬರಿಯ ವಸೂಲಿ. ಫ್ರಾನ್ಸಿನಲ್ಲಿ ೧೭೮೯ರ ಕ್ರಾಂತಿಯು ಮೊದಲು ಕಿತ್ತೆಸೆದ ಹೊರೆಗಳಲ್ಲಿ ಇದೂ ಒಂದಾಗಿದ್ದುದು ಆಶ್ಚರ್ಯವಲ್ಲ. ಇದರ ನಡುವೆ ಹದಿನಾರನೆಯ ಶತಮಾನದಲ್ಲಿ ಲೂಥರನು ಎದ್ದು, ಗುರುಗಳು ನಡೆಸುವ ಪೂಜೆಯು ಬಲಿಯೆಂಬುದನ್ನೇ ನಿರಾಕರಿಸಿದನು. ರೋಮಿನವರು ೧೫೬೨ರಲ್ಲಿ ತ್ರೆಂತಿನ ಮಹಾಸಭೆಯಲ್ಲಿ ಅದು ನಿಜವಾಗಿಯೂ ಬಲಿಯೇ ಎಂದು ಸ್ಥಿರಪಡಿಸಿದರು. ಈ ವಿವಾದದ ಗುರುತು ನಮ್ಮ ಕನ್ನಡದಲ್ಲಿಯೂ ಉಳಿದಿದೆ. ಕಥೋಲಿಕ ಕ್ರೈಸ್ತರು 'ಬಲಿಪೂಜೆ' ಎನ್ನುವರು. ಪ್ರೊಟೆಸ್ಟಂಟರು ಅದಕ್ಕೆ ಸಮಾನವಾದುದನ್ನು 'ಕರ್ತನ ಭೋಜನ'ವೆನ್ನುವರು. ಎರಡು ಶಬ್ದಗಳಲ್ಲಿ ಎರಡು ದರ್ಶನಗಳು ಅಡಗಿವೆ.

ಇನ್ನು ನಮ್ಮ ದೇಶಕ್ಕೆ ಬರೋಣ. ಕ್ರಿಸೊಸ್ತೊಮನ ಪೆಟ್ಟಿಗೆಯು ಇಲ್ಲಿ ಅಕ್ಕಿಯ ಮಡಕೆಯ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಅವನ ಉಪದೇಶವು ನೇರವಾಗಿ ಇಲ್ಲಿಗೆ ಬಂದಿತೆಂದು ನಾನು ಹೇಳುವುದಿಲ್ಲ. ಹಿಡಿ ಅಕ್ಕಿಯನ್ನು ಎತ್ತಿಡುವುದು ಭಾರತದಲ್ಲಿ ಎಲ್ಲ ಮತದವರಿಗೂ ತಿಳಿದ ಪದ್ಧತಿ. ನಾನು ಓದಿದ ಪಾಠಶಾಲೆಯ ಉಗ್ರಾಣಕ್ಕೂ ಊರ ಗೃಹಿಣಿಯರ ಮುಷ್ಟಿಯ ಅಕ್ಕಿ ಬರುತ್ತಿದ್ದಿತು. ಹತ್ತಾರು ಮನೆಗಳ ಅಕ್ಕಿ ಬೆರೆತುದರಿಂದ ಕೆಲವು ಕಾಳು ಬೆಂದು ಕೆಲವು ಬೇಯದೆ ಉಳಿಯುತ್ತಿದ್ದುದು ಈಗಲೂ ನೆನಪಿದೆ. ಕೇರಳದ ಕ್ರೈಸ್ತರಲ್ಲಿ ಇದಕ್ಕೆ 'ಪಿಡಿಯರಿ' ಎಂದು ಹೆಸರು. ಮನ್ನಾನದಲ್ಲಿ ೧೮೪೬ರಲ್ಲಿ ಒಂದು ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿದ ಕುರಿಯಾಕೋಸ್ ಎಲಿಯಾಸ್ ಚಾವರ ಎಂಬ ಗುರುಗಳು (೧೮೦೫–೧೮೭೧) ಮುಂದೆ ಪ್ರತಿಯೊಂದು ದೇವಾಲಯದ ಬಳಿಯಲ್ಲಿಯೂ ಶಾಲೆಯಿರಬೇಕೆಂದು ೧೮೬೪ರಲ್ಲಿ ಆಜ್ಞಾಪಿಸಿದರು. ಬಡಮಕ್ಕಳು ಶಾಲೆಗೆ ಬಂದರೆ ಅವರ ಮಧ್ಯಾಹ್ನದ ಹಸಿವಿಗೆ ಯಾರು ಹೊಣೆ? ಅದಕ್ಕಾಗಿ ಮನೆಮನೆಯ ಪಿಡಿಯರಿಯನ್ನು ಉಪಯೋಗಿಸಿದರು. ಕ್ರೈಸ್ತಗುರುವೊಬ್ಬರು ಸಂಸ್ಕೃತವನ್ನು ಪ್ರೀತಿಸಿ ಪಾಠಶಾಲೆಯನ್ನು ತೆರೆದರೆಂಬುದೂ ಹಿಡಿ ಅಕ್ಕಿಯಿಂದ ಮಕ್ಕಳಿಗೆ ಅನ್ನವಿಟ್ಟರೆಂಬುದೂ ನನ್ನಂಥವನಿಗೆ ಇಮ್ಮಡಿ ಸಂತೋಷದ ವಿಷಯ. ರೋಮಿನ ಸಭೆಯು ೨೦೧೪ರಲ್ಲಿ ಅವರನ್ನು ಸಂತರೆಂದು ಸಾರಿತು.

ಈ ಹಿಡಿ ಅಕ್ಕಿಯು ಅತ್ಯಂತ ದೊಡ್ಡ ಕಾರ್ಯವನ್ನು ಮಾಡಿರುವುದು ಈಶಾನ್ಯದ ಮಿಜೋರಂ ಬೆಟ್ಟಗಳಲ್ಲಿ. ಅಲ್ಲಿ ಇದಕ್ಕೆ 'ಬುಹ್ಫಾಯ್ ಥಾಮ್' ಎನ್ನುತ್ತಾರೆ. ೧೯೧೦ರಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಸ್ತ್ರೀಯರಿಂದ ಇದು ಆರಂಭವಾಯಿತು. ಮನೆಯಾಕೆಯು ಪ್ರತಿ ಹೊತ್ತಿನ ಅಡಿಗೆಗೆ ಅಕ್ಕಿಯನ್ನು ಅಳೆದ ಮೇಲೆ, ಪಾತ್ರೆಗೆ ಸುರಿಯುವ ಮುಂಚೆ, ಅದರಿಂದ ಒಂದು ಹಿಡಿಯನ್ನು ತೆಗೆದು ಬೇರೆ ಇಡುವಳು. ಸಭೆಯ ಹೆಂಗಸರು ಬಂದು ಅದನ್ನು ಒಟ್ಟುಗೂಡಿಸಿ ಮಾರಿ ಹಣಮಾಡುವರು. ಆರಂಭವಾದ ಮರುವರ್ಷವೇ, ೧೯೧೧–೧೨ರಲ್ಲಿ, ಬಿದಿರು ಹೂಬಿಟ್ಟು, ಇಲಿಗಳು ಹೆಚ್ಚಿ, ಬೆಳೆಯನ್ನು ತಿಂದುಹಾಕಿ ಆ ಬೆಟ್ಟಗಳಲ್ಲಿ ಘೋರವಾದ ಕ್ಷಾಮವುಂಟಾಯಿತು. ಆದರೂ ಪದ್ಧತಿಯು ಅಳಿಯಲಿಲ್ಲ. ನೂರು ವರ್ಷಗಳು ಕಳೆದ ಮೇಲೆ ಅದರ ವಾರ್ಷಿಕ ಉತ್ಪನ್ನವು ಕೋಟಿಗಟ್ಟಲೆ ರೂಪಾಯಿಗಳಿಗೆ ಏರಿದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಅಳೆದ ಅಕ್ಕಿಯಿಂದಲೇ ಹಿಡಿಯನ್ನು ತೆಗೆಯುವುದರಿಂದ ಅದು ಮಿಗತೆಯ ದಾನವಲ್ಲ, ಅಂದಿನ ಊಟದ ಪಾಲೇ ಸರಿ. ಆದರೆ ಮಡಕೆಯಲ್ಲಿ ಒಂದು ಹಿಡಿ ಕಡಮೆಯಾದರೆ ಯಾರ ಎಲೆಯಲ್ಲಿ ಕಡಮೆಯಾಯಿತೆಂದು ಕೇಳಬೇಡವೆ? ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಕುಳಿತುಕೊಳ್ಳುವವರು ಯಾರೆಂಬುದನ್ನು ವಾಚಕರಿಗೆ ಹೇಳಿಕೊಡಬೇಕಾಗಿಲ್ಲ. ಮಿಜೋ ಸ್ತ್ರೀಯರು ಈ ಹಿಡಿಯಿಂದ ಧರ್ಮಬೋಧಕರನ್ನು ಪೋಷಿಸಿದರು. ಆದರೆ ಅದೇ ಸಭೆಯು ಪಾದ್ರಿಯ ದೀಕ್ಷೆಯನ್ನು ಬಹುಕಾಲ ಸ್ತ್ರೀಯರಿಗೆ ಕೊಡಲಿಲ್ಲ. ಶ್ರೌತದಲ್ಲಿ ಪತ್ನಿಯಿಲ್ಲದೆ ಯಜ್ಞವಿಲ್ಲವೆಂದು ಹೇಳಿ ಆಕೆಯನ್ನು ಮಂತ್ರದಿಂದ ದೂರವಿಟ್ಟ ನಾವು ಅವರನ್ನು ನೋಡಿ ನಗುವ ಹಾಗಿಲ್ಲ.

ಕನ್ನಡ ಕರಾವಳಿಯ ಕ್ರೈಸ್ತರಲ್ಲಿ ಎರಡು ಬಗೆಯವರ ಆಚಾರವು ಪ್ರಸಿದ್ಧವಾಗಿದೆ. ಮಂಗಳೂರಿನ ಕಥೋಲಿಕರು ಸೆಪ್ಟೆಂಬರ್ ೮ರಂದು ಆಚರಿಸುವ ಮೊಂತಿ ಹಬ್ಬದಲ್ಲಿ ಹೊಸ ಬತ್ತದ ತೆನೆಗಳನ್ನು ದೇವಾಲಯದಲ್ಲಿ ಆಶೀರ್ವದಿಸಿ ಮನೆಗೊಯ್ದು, ಅದರ ಕಾಳನ್ನು ಸುಲಿದು, ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಮನೆಮಂದಿಯೆಲ್ಲ ಸ್ವೀಕರಿಸುತ್ತಾರೆ. ಅಂದಿನ ಊಟದಲ್ಲಿ ಮಾಂಸವಿಲ್ಲ. ನಮ್ಮ ಹೊಸ ಅಕ್ಕಿಯ ಊಟಕ್ಕೂ ಇದಕ್ಕೂ ಇರುವ ಸಾದೃಶ್ಯವನ್ನು ತುಳುನಾಡಿನವರು ಬಲ್ಲರು.

ಎರಡನೆಯವರು ಬಾಸೆಲ್ ಮಿಶನ್ನಿನವರು. ೧೮೧೫ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿದ ಈ ಸಂಸ್ಥೆಯಿಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. 'ಮಂಗಳೂರ ಸಮಾಚಾರ'ವನ್ನು ೧೮೪೩ರಲ್ಲಿ ಹೊರಡಿಸಿದ ಮೋಗ್ಲಿಂಗರೂ ೧೮೯೪ರಲ್ಲಿ ಮಹಾನಿಘಂಟನ್ನು ಕೊಟ್ಟ ಕಿಟ್ಟೆಲರೂ ಈ ಸಂಸ್ಥೆಯವರೇ. ಈ ಬೊಕ್ಕಸವನ್ನು ತುಂಬಿದವರು ರಾಜರಲ್ಲ. ೧೮೫೦ರ ದಶಕದ ನಡುವೆ ಕಾರ್ಲ್ ಸರಾಸಿನ್ ಎಂಬ ಬಾಸೆಲಿನ ವರ್ತಕರು ಒಂದು ಏರ್ಪಾಡನ್ನು ಮಾಡಿದರು. ಸಾಮಾನ್ಯ ಮನೆತನದವರು ವಾರಕ್ಕೊಮ್ಮೆ ಅರ್ಧ ಬಾಟ್ಜೆನ್, ಎಂದರೆ ಐದು ರಾಪೆನ್ ಎಂಬ ಅತಿ ಚಿಕ್ಕ ನಾಣ್ಯವನ್ನು ಕೊಡುವುದು. ಕೂಡಿಸುವವರು ಮನೆಗಳಿಗೆ ಹೋಗಿ ಅದನ್ನು ತರುವುದು. ಸ್ವಿಟ್ಜರ್ಲೆಂಡಿನಲ್ಲಿಯೂ ದಕ್ಷಿಣ ಜರ್ಮನಿಯಲ್ಲಿಯೂ ಕೂಲಿಕಾರರೂ ಮನೆಗೆಲಸದ ಹುಡುಗಿಯರೂ ಕೊಟ್ಟ ಈ ಅರೆಕಾಸುಗಳೇ ಮಿಶನ್ನಿನ ಮುಖ್ಯ ಆದಾಯಗಳಲ್ಲೊಂದಾದುವು. ಕನ್ನಡದ ನಿಘಂಟನ್ನು ತೆರೆಯುವಾಗ ಕಿಟ್ಟೆಲರನ್ನು ನೆನೆಯುವ ನಾವು ಕನ್ನಡವೆಂಬ ಹೆಸರನ್ನೂ ಕೇಳದ ಆ ಹುಡುಗಿಯರನ್ನು ನೆನೆದುದಿಲ್ಲ.

ಈ ಕಡೆ ಮತವನ್ನು ಸೇರಿದವರೂ ಕಳೆದುಕೊಂಡುದು ಬಹಳ. ಕಳ್ಳಿಳಿಸುವುದನ್ನು ಮಿಶನ್ನು ನಿಷೇಧಿಸಿದುದರಿಂದ ಬಿಲ್ಲವರಲ್ಲಿ ಕ್ರೈಸ್ತರಾದವರಿಗೆ ಕುಲದೊಡನೆ ಕಸುಬೂ ಹೋಯಿತು. ನೇಯಿಗೆಯ ಶಾಲೆಗಳೂ, ೧೮೬೫ರಲ್ಲಿ ಪ್ಲೆಬ್ಸ್ಟರು ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯೂ ಹುಟ್ಟಿದುದಕ್ಕೆ ಇವರಿಗೆ ಜೀವನೋಪಾಯವನ್ನು ಕಲ್ಪಿಸುವುದೂ ಒಂದು ಕಾರಣ. ಸಾರಸ್ವತ ತರುಣರಾದ ಆನಂದರಾವ್ ಕೌಂಡಿನ್ಯರು ೧೮೪೪ರಲ್ಲಿ ದೀಕ್ಷಾಸ್ನಾನವನ್ನು ಪಡೆದು ಬಂಧುಗಳನ್ನೆಲ್ಲ ತೊರೆದರು. ಬಾಸೆಲಿನಲ್ಲಿ ಓದಿ ೧೮೫೧ರಲ್ಲಿ ಪಾದ್ರಿಯಾದರು. ಅವರ ತ್ಯಾಗವನ್ನು ಮಿಶನ್ನಿನ ಚರಿತ್ರೆಯು ಕೊಂಡಾಡುತ್ತದೆ, ಅದು ಯುಕ್ತವೇ. ಆದರೆ ಅವರ ಪತ್ನಿ ಲಕ್ಷ್ಮಿಯು ಅವರನ್ನು ಹಿಂಬಾಲಿಸಲಿಲ್ಲ. ೧೮೬೦ರಲ್ಲಿ ಕೌಂಡಿನ್ಯರು ಜರ್ಮನ್ ಸ್ತ್ರೀಯೊಬ್ಬರನ್ನು ವಿವಾಹವಾದರು. ಗಂಡನಿದ್ದೂ ಗಂಡನಿಲ್ಲದಂತಾದ ಲಕ್ಷ್ಮಿಯು ತೆತ್ತುದನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ಮೀಮಾಂಸಾದರ್ಶನದ ಆರನೆಯ ಅಧ್ಯಾಯದಲ್ಲಿ ಒಂದು ಅಧಿಕರಣವಿದೆ. ವಿಶ್ವಜಿತ್ ಎಂಬ ಯಾಗದಲ್ಲಿ ಯಜಮಾನನು ಸರ್ವಸ್ವವನ್ನೂ ದಾನಮಾಡಬೇಕು. ತಂದೆತಾಯಿಗಳೂ ತನ್ನವರೇ ಅಲ್ಲವೆ, ಅವರನ್ನೂ ಕೊಡಬೇಕೋ ಎಂದು ಪೂರ್ವಪಕ್ಷ. ಜೈಮಿನಿಯ ಸಿದ್ಧಾಂತವು ಸ್ಪಷ್ಟವಾಗಿದೆ. ಯಾವುದರ ಮೇಲೆ ಪ್ರಭುತ್ವವುಂಟೋ ಅದನ್ನು ಮಾತ್ರ ಕೊಡಬಹುದು, ಸಂಬಂಧವೆಂದರೆ ಸ್ವಾಮ್ಯವಲ್ಲ. ಅರೆಕಾಸನ್ನಾಗಲಿ ಹಿಡಿ ಅಕ್ಕಿಯನ್ನಾಗಲಿ ಕುರಿತು ಈ ನ್ಯಾಯವನ್ನು ಹೇಳಬೇಕಾದ ಅಗತ್ಯವಿಲ್ಲ. ಮಿಶನರಿಗಳ ಮಕ್ಕಳ ವಿಷಯದಲ್ಲಿ ಅದು ನೆನಪಿಗೆ ಬರುತ್ತದೆ.

ಮಿಶನ್ನಿನವರು ಇಂಡಿಯದಲ್ಲಿ ಹುಟ್ಟಿದ ತಮ್ಮ ಮಕ್ಕಳನ್ನು ಆರೇಳು ವಯಸ್ಸಿನೊಳಗಾಗಿ ಯುರೋಪಿಗೆ ಕಳುಹಿಸಿಬಿಡುತ್ತಿದ್ದರು. ೧೮೫೦ರ ದಶಕದಲ್ಲಿ ಬಾಸೆಲಿನಲ್ಲಿ ಇದಕ್ಕಾಗಿಯೇ ಒಂದು ಮಕ್ಕಳ ಮನೆಯೂ ಏರ್ಪಟ್ಟಿತು. ಇದಕ್ಕೆ ಕಾರಣಗಳಿಲ್ಲದೆ ಇರಲಿಲ್ಲ. ಇಲ್ಲಿನ ಜ್ವರಗಳಿಂದ ಅವರ ಎಷ್ಟೋ ಶಿಶುಗಳು ಸತ್ತುಹೋಗಿದ್ದುವು; ಅವರ ಮತದ, ಅವರ ಭಾಷೆಯ ಶಾಲೆಗಳೂ ಇಲ್ಲಿರಲಿಲ್ಲ. ತಾಯ್ತಂದೆಗಳು ಇದನ್ನು ದೇವರಿಗೆ ತಾವು ಅರ್ಪಿಸಿದ ಅತ್ಯಂತ ಕಠಿನವಾದ ಬಲಿಯೆಂದು ಭಾವಿಸಿದರು, ಆ ದುಃಖದಲ್ಲಿ ಕಪಟವಿರಲಿಲ್ಲ. ಅರ್ಪಿತರಾದವರನ್ನು ಮಾತ್ರ ಯಾರೂ ಕೇಳಲಿಲ್ಲ. ಮಲೆಯಾಳ ನಿಘಂಟುಕಾರರೂ, ೧೮೫೭ರಲ್ಲಿ ಮಲಬಾರು ಕನ್ನಡ ಜಿಲ್ಲೆಗಳ ಶಾಲೆಗಳಿಗೆ ಇನ್ಸ್ಪೆಕ್ಟರಾಗಿ ನೇಮಕವಾದವರೂ ಆದ ಹೆರ್ಮನ್ ಗುಂಡರ್ಟರ ಮಗಳು ಮರೀಯಳು ತಲಶೇರಿಯಲ್ಲಿ ೧೮೪೨ರಲ್ಲಿ ಹುಟ್ಟಿದಳು. ಮುಂದೆ ಪ್ರಸಿದ್ಧ ಕಾದಂಬರಿಕಾರ ಹೆರ್ಮನ್ ಹೆಸ್ಸೆಯ ತಾಯಿಯಾದವಳು ಈಕೆಯೇ. ಅವಳು ನಾಲ್ಕೈದು ವಯಸ್ಸಿನ ಮಗುವಾಗಿದ್ದಾಗ ತಂದೆತಾಯಿಗಳು ಯುರೋಪಿಗೆ ಹೋಗಿ ಅವಳನ್ನು ಅಲ್ಲಿಯೇ ಬಿಟ್ಟು ಹಿಂದಿರುಗಿದರು. ಬಾಸೆಲಿನಲ್ಲಿಯೂ ಕೊರ್ನ್ಟಾಲಿನಲ್ಲಿಯೂ ಪರರ ಕೈಯಲ್ಲಿ ಬೆಳೆದು, ೧೮೫೭ರಲ್ಲಿ ಅವಳು ಮಲಬಾರಿನ ತೀರಕ್ಕೆ ಮರಳಿ ಬಂದಾಗ ಅವಳಿಗೆ ಹದಿನೈದು ವರ್ಷ. ತಾಯಿಯ ಮುಖವನ್ನು ಕಂಡು ಹತ್ತು ವರ್ಷಗಳಾಗಿದ್ದುವು.